ಜಾತ್ರೆಯ ಬುತ್ತಿಗೆ ಮೊಸರನ್ನ: ಕೆಚ್ಚಲಿನಿಂದ ಡಬ್ಬಿಯವರೆಗೆ



ಯುಗಾದಿ ಕಳೆಯಿತೆಂದರೆ ನಮ್ಮ ಊರುಗಳಲ್ಲಿ ಜಾತ್ರೆ, ತೇರು, ಮದುವೆಗಳ ಸಾಲು. ಶಾಲೆಗೆ ರಜೆ, ಮನೆ ತುಂಬ ಮಕ್ಕಳು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದವರು ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಪುಳಿಯೋಗರೆ, ಚಿತ್ರಾನ್ನ ಏನೇ ಇರಲಿ, ಬಿಸಿಲಲ್ಲಿ ಮರದ ನೆರಳಿಗೆ ಕುಳಿತಾಗ ಎಲ್ಲರ ಕೈ ಮೊದಲು ಹೋಗುವುದು ತಣ್ಣನೆಯ ಮೊಸರನ್ನದ ಡಬ್ಬಿಗೆ.

ದನದ ಡಾಕ್ಟರಿಗೆ ಮೊಸರನ್ನದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಮೂರು ವರ್ಷದ ಹಿಂದೆ ಇದೇ ದಿನಗಳಲ್ಲಿ ನನಗೆ ಬಂದ ಒಂದು ಫೋನ್ ಕರೆಯಿಂದ ಇದು ಶುರುವಾಯಿತು.

ರಾತ್ರಿ ಹತ್ತರ ಕರೆ

ರಾತ್ರಿ ಹತ್ತು ಗಂಟೆಗೆ ಪಶುವೈದ್ಯರಿಗೆ ಫೋನ್ ಬಂದರೆ ಕರು ಅಡ್ಡ ಬಂದಿರುತ್ತದೆ, ಇಲ್ಲವೇ ಹೊಟ್ಟೆ ಉಬ್ಬರಿಸಿರುತ್ತದೆ. ಅಂದು ಕರೆ ಮಾಡಿದ ಸಂಘದ ಸದಸ್ಯೆಯೊಬ್ಬರು ಹಸುವಿನ ಮಾತೇ ಎತ್ತಲಿಲ್ಲ. ಪಕ್ಕದೂರಿನ ಜಾತ್ರೆಗೆ ಮನೆಯವರೆಲ್ಲ ಹೋಗಿದ್ದರು. ಬೆಳಿಗ್ಗೆ ಎಂಟಕ್ಕೆ ಕಟ್ಟಿದ ಮೊಸರನ್ನವನ್ನು ಮಧ್ಯಾಹ್ನ ಎರಡಕ್ಕೆ ಉಂಡರು. ಸಂಜೆ ಐದರೊಳಗೆ ಆರು ಜನಕ್ಕೆ ವಾಂತಿ. ಮೂವರು ಮಕ್ಕಳು ತಾಲ್ಲೂಕು ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದರು. ಚಿಕ್ಕವಳಿಗೆ ನಾಲ್ಕು ವರ್ಷ.

"ಮೇಡಂ, ನಮ್ಮ ಹಸುವಿನ ಹಾಲಿನಿಂದ ಹಿಂಗಾಯ್ತಾ?" ಎಂದು ಅವರು ಕೇಳಿದರು. ಆ ಪ್ರಶ್ನೆ ಕೇಳಿದ ಕೂಡಲೇ ನನಗೆ ಆ ಮನೆಯ ಹಸು ನೆನಪಾಯಿತು. ಅದರ ಹಿಂದಿನ ಎಡ ಮೊಲೆಗೆ ಕೆಚ್ಚಲು ಬಾವು ಆಗಿ, ನಾನೇ ಮೂರು ದಿನ ಇಂಜೆಕ್ಷನ್ ಕೊಟ್ಟು, ಮೊಲೆಗೆ ಟ್ಯೂಬ್ ಏರಿಸಿ ಬಂದಿದ್ದೆ. ಕೊನೆಯ ಇಂಜೆಕ್ಷನ್ ಆಗಿ ಎರಡೇ ದಿನವಾಗಿತ್ತು.

ಮಕ್ಕಳು ಮಾರನೆಯ ದಿನ ಹುಷಾರಾಗಿ ಮನೆಗೆ ಬಂದರು. ನಾನೂ ಹೋದೆ. ನಡೆದದ್ದನ್ನು ಆಕೆ ಒಂದೊಂದಾಗಿ ಹೇಳಿದರು. "ಡೇರಿಗೆ ಹಾಕಬೇಡಿ ಅಂದಿದ್ರಲ್ಲ, ಒಂದು ತೊಟ್ಟೂ ಹಾಕಲಿಲ್ಲ ಮೇಡಂ. ಅಷ್ಟು ಹಾಲು ಚೆಲ್ಲಕ್ಕೆ ಮನಸ್ಸು ಬರಲಿಲ್ಲ. ಬಾವು ಬಂದ ಮೊಲೆದು ಬಿಟ್ಟು ಮಿಕ್ಕಿದ್ದನ್ನ ಮನೆಗೆ ಇಟ್ಕೊಂಡ್ವಿ." ಸಂಜೆ ಕರೆದ ಹಾಲು ಕಾಯಿಸದೆ ಬೆಳಗಿನವರೆಗೂ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಹಿಂದಿನ ದಿನ ಹೆಪ್ಪು ಹಾಕಿದ್ದು ಸರಿಯಾಗಿ ಗಟ್ಟಿಯಾಗಿರಲಿಲ್ಲ. ಪ್ರಯಾಣಕ್ಕೆ ಹುಳಿಯಾಗಬಾರದೆಂದು ಬೇರೆ, ಅನ್ನಕ್ಕೆ ಹಾಲನ್ನೇ ಹೆಚ್ಚು ಸುರಿದು ಒಂದು ಸೌಟು ಆ ಮೊಸರು ಬೆರೆಸಿದ್ದರು. ಹಿಸುಕಿ ಕಲಸಿದ್ದು ಕೈಯಲ್ಲಿ. ಆ ಕೈಯ ತೋರುಬೆರಳಿಗೆ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಬಟ್ಟೆ ಸುತ್ತಿತ್ತು.

ಅಷ್ಟರಲ್ಲಿ ಡಬ್ಬಿ ತೊಳೆದಿಟ್ಟಾಗಿತ್ತು. ಪರೀಕ್ಷೆಗೆ ಕಳಿಸಲು ಒಂದು ಅಗುಳೂ ಉಳಿದಿರಲಿಲ್ಲ. ಹಾಗಾಗಿ ಇದೊಂದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೆ ಮೊಸರನ್ನ ಕೆಡಲು ಇರುವ ದಾರಿಗಳೆಲ್ಲ ಆ ಒಂದು ಡಬ್ಬಿಯಲ್ಲಿ ಕೂಡಿದ್ದವು.

ತಪ್ಪು ಆಕೆಯದಲ್ಲ. ನಾನು ಹೇಳಿದ್ದು "ಡೇರಿಗೆ ಹಾಕಬೇಡಿ" ಎಂದಷ್ಟೇ. "ಮನೆಗೂ ಬಳಸಬೇಡಿ" ಎನ್ನಲಿಲ್ಲ. ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಆಕೆ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು.

ಒಳ್ಳೆಯ ಮೊಸರು ತನ್ನನ್ನು ತಾನೇ ಕಾಯುತ್ತದೆ

ಚೆನ್ನಾಗಿ ಹೆಪ್ಪುಗಟ್ಟಿದ ಮೊಸರು ಹಾಲಿಗಿಂತ ಹೆಚ್ಚು ಹೊತ್ತು ತಾಳುತ್ತದೆ. ಹೆಪ್ಪಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆ ಹುಳಿಯಲ್ಲಿ ಕೆಟ್ಟ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯಲಾರವು. ಮೊಸರಿಗೆ ಕಾವಲು ಅದರ ಹುಳಿಯೇ. ಆ ಕಾವಲನ್ನು ನಾವು ನಾಲ್ಕು ಕಡೆ ಮುರಿಯುತ್ತೇವೆ.

ಮೊದಲನೆಯದು ಕೆಚ್ಚಲು ಬಾವಿನ ಹಾಲು. ಬಾವಿಗೆ ಕಾರಣವಾಗುವ ಸೂಕ್ಷ್ಮಜೀವಿಗಳಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ಮುಖ್ಯವಾದದ್ದು. ನಮ್ಮ ಮೂಗಿನಲ್ಲಿ, ಕೈಯ ಗಾಯದ ಕೀವಿನಲ್ಲಿ ಇರುವುದೂ ಇದೇ. ಬೆಚ್ಚಗಿನ ಹಾಲಿನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಇದು ಬೆಳೆದು ವಿಷ ಕಾರುತ್ತದೆ. ಹಾಲು ಕಾಯಿಸಿದರೆ ಸೂಕ್ಷ್ಮಜೀವಿ ಸಾಯುತ್ತದೆ, ಅದು ಆಗಲೇ ಕಾರಿದ ವಿಷ ಹಾಗೆಯೇ ಉಳಿಯುತ್ತದೆ. "ಚೆನ್ನಾಗಿ ಕುದಿಸಿದ್ದೆ" ಎಂಬ ಸಮಾಧಾನ ಇಲ್ಲಿ ಸಾಲದು. ಈ ವಿಷ ಹೊಟ್ಟೆ ಸೇರಿದರೆ ಸಾಮಾನ್ಯವಾಗಿ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು.

ಎರಡನೆಯದು ಹಾಲಿನಲ್ಲಿ ಉಳಿದ ಔಷಧ. ಹಸುವಿಗೆ ಕೊಟ್ಟ ಆ್ಯಂಟಿಬಯೋಟಿಕ್ ಕೆಲವು ದಿನ ಹಾಲಿನಲ್ಲಿ ಹೊರಬರುತ್ತದೆ. ಕಾಯಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅದು ಹೆಪ್ಪಿನ ಒಳ್ಳೆಯ ಜೀವಿಗಳನ್ನೇ ಕೊಲ್ಲುತ್ತದೆ, ಮೊಸರು ಹುಳಿಯಾಗುವುದಿಲ್ಲ, ಕಾವಲು ಇಲ್ಲದಂತಾಗುತ್ತದೆ. ಪೆನಿಸಿಲಿನ್ ಆಗದವರಿಗೆ ಅಂಥ ಹಾಲಿನಿಂದ ಅಲರ್ಜಿಯೂ ಆಗಬಹುದು.

ಮೂರನೆಯದು ಅನ್ನ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳಿರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಹೊತ್ತುಗಟ್ಟಲೆ ಕುಳಿತರೆ ಮೊಳೆತು, ಬೆಳೆದು, ಅವೂ ವಾಂತಿಯ ವಿಷ ಮಾಡುತ್ತವೆ. ಈ ವಿಷವೂ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ರಾತ್ರಿ ಹೊರಗಿಟ್ಟ ಅನ್ನದಲ್ಲಿ ಬುತ್ತಿ ಬೇಡ ಎನ್ನುವುದು ಇದಕ್ಕೇ.

ನಾಲ್ಕನೆಯದು ಬಿಸಿಲು ಮತ್ತು ಹೊತ್ತು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಹಾಲು, ಅನ್ನ ಬೆರೆತ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗಿನ ಶಾಖ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 32 ದಾಟದ ದಿನ ಯಾವುದಿದೆ?

"ನಮ್ಮ ಅಜ್ಜಿ ಹಾಲು ಬೆರೆಸಿಯೇ ಕಟ್ಟುತ್ತಿದ್ದಳಲ್ಲ" ಎಂದು ನನ್ನ ಅತ್ತೆಯವರೂ ಕೇಳಿದ್ದಾರೆ. ನಿಜ. ಆಗ ತಾನೇ ಕಾಯಿಸಿದ ಶುದ್ಧ ಹಾಲು, ಜೋರಾದ ಹೆಪ್ಪು ಇದ್ದರೆ ದಾರಿಯಲ್ಲೇ ಆ ಹಾಲು ಮೊಸರಾಗುತ್ತಾ ಹೋಗುತ್ತದೆ. ಆದರೆ ಅದು ಮೊಸರಾಗುವವರೆಗಿನ ಮೂರ್ನಾಲ್ಕು ಗಂಟೆ ಡಬ್ಬಿಗೆ ಕಾವಲಿಲ್ಲ. ಹಾಲಿನಲ್ಲಿ ಔಷಧವಿದ್ದರೆ ಕಾವಲು ಬರುವುದೇ ಇಲ್ಲ. ಹುಳಿಗೆ ಹೆದರಿ ಹಾಲು ಸುರಿಯುವ ಅಭ್ಯಾಸವನ್ನು ದೂರದ ಬುತ್ತಿಗೆ ಬಿಡೋಣ.

ಎಂಟು ಜನರ ಬುತ್ತಿಗೆ ಕೆನೆಮೊಸರನ್ನ

ಹಾಲು ಹಾಕದೆಯೂ ಮೊಸರನ್ನ ಬೆಣ್ಣೆಯಂತೆ ನುಣುಪಾಗಿ, ಹೆಚ್ಚು ಹುಳಿಯಿಲ್ಲದೆ ಬರುತ್ತದೆ. ನಾನು ಮಾಡುವ ಕ್ರಮ ಹೀಗೆ.

ಹಿಂದಿನ ದಿನ: ಆರೋಗ್ಯವಂತ ಹಸುವಿನ ಒಂದೂವರೆ ಲೀಟರ್ ಹಾಲನ್ನು ಕರೆದ ಕೂಡಲೇ ಸೋಸಿ ಕಾಯಿಸಿ. ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಇನ್ನೊಂದು ಹತ್ತು ನಿಮಿಷ ಬಿಟ್ಟರೆ ಮೊಸರು ಗಟ್ಟಿಯಾಗುತ್ತದೆ. ಕೆನೆ ತೆಗೆಯಬೇಡಿ, ನುಣುಪು ಬರುವುದೇ ಅದರಿಂದ. ಬೆರಳು ತಾಳುವಷ್ಟು ಬೆಚ್ಚಗೆ, ಅಂದರೆ 40 ಡಿಗ್ರಿಯ ಆಸುಪಾಸಿಗೆ ಆರಿದಾಗ ಎರಡು ಚಮಚ ತಾಜಾ ಹೆಪ್ಪು ಬೆರೆಸಿ. ಬೇಸಿಗೆಯಲ್ಲಿ ಐದಾರು ಗಂಟೆಗೆ ಮೊಸರಾಗುತ್ತದೆ. ಹೆಪ್ಪುಗಟ್ಟಿದ ಕೂಡಲೇ ಫ್ರಿಜ್‌ಗೆ ಇಡಿ. ಹುಳಿ ಏರುವುದು ಅಲ್ಲಿಗೆ ನಿಲ್ಲುತ್ತದೆ. ಹುಳಿ ಬೇಡವೆಂದರೆ ಹಾಲು ಸೇರಿಸುವ ಬದಲು ಮೊಸರನ್ನು ಸಮಯಕ್ಕೆ ತಣ್ಣಗಾಗಿಸಿ, ಗುಟ್ಟು ಇಷ್ಟೇ.

ಹೊರಡುವ ದಿನ: ಅರ್ಧ ಕಿಲೋ ಅಕ್ಕಿಗೆ ಒಂದೂವರೆ ಲೀಟರ್ ನೀರಿಟ್ಟು ಮೆತ್ತಗೆ ಬೇಯಿಸಿ. ಅನ್ನವನ್ನು ಕುಕ್ಕರಿನಲ್ಲೇ ಬಿಡಬೇಡಿ. ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿ, ಬಿಸಿ ಇರುವಾಗಲೇ ಸೌಟಿನ ಬೆನ್ನಿನಿಂದ ಹಿಸುಕಿ, ಎರಡು ಚಮಚ ಬೆಣ್ಣೆ ಸೇರಿಸಿ. ಫ್ಯಾನಿನ ಗಾಳಿಗೆ ಅರ್ಧ ಗಂಟೆಯಲ್ಲಿ ಆರುತ್ತದೆ.

ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಹೆಚ್ಚಿದ ಶುಂಠಿ, ಮೂರು ಹಸಿಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗಿನ ಒಗ್ಗರಣೆ ಮಾಡಿ ಆರಲು ಬಿಡಿ. ಆರಿದ ಅನ್ನಕ್ಕೆ ಒಂದೂಕಾಲು ಲೀಟರ್ ತಣ್ಣನೆಯ ಮೊಸರು, ರುಚಿಗೆ ಉಪ್ಪು, ಒಗ್ಗರಣೆ ಸೇರಿಸಿ ಸೌಟಿನಿಂದ ಕಲಸಿ. ಕೈ ಹಾಕಬೇಡಿ. ಅನ್ನ ಹೊತ್ತು ಹೋದಂತೆ ಮೊಸರು ಕುಡಿದು ಗಟ್ಟಿಯಾಗುತ್ತದೆ, ಆದ್ದರಿಂದ ಕಲಸುವಾಗ ಸ್ವಲ್ಪ ನೀರಾಗಿಯೇ ಇರಲಿ.

ಸೌತೆಕಾಯಿ, ಕ್ಯಾರೆಟ್ ತುರಿ, ದಾಳಿಂಬೆ, ಕೊತ್ತಂಬರಿ ಸೊಪ್ಪನ್ನು ತೊಳೆದು ಬೇರೆ ಡಬ್ಬಿಯಲ್ಲಿ ಒಯ್ದು ಬಡಿಸುವಾಗ ಬೆರೆಸಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಕಟ್ಟುವುದು: ಸ್ಟೀಲ್ ಡಬ್ಬಿಗೆ ತುಂಬಿ ಹೊರಡುವವರೆಗೆ ಫ್ರಿಜ್‌ನಲ್ಲಿಡಿ. ಹಿಂದಿನ ರಾತ್ರಿ ಎರಡು ಬಾಟಲಿ ನೀರನ್ನು ಫ್ರೀಜರಿನಲ್ಲಿ ಮಂಜುಗಡ್ಡೆ ಮಾಡಿಕೊಂಡು, ದಪ್ಪ ಚೀಲದಲ್ಲಿ ಡಬ್ಬಿಯ ಎರಡು ಪಕ್ಕಕ್ಕೂ ಒತ್ತಿಟ್ಟು ಟವೆಲ್ ಸುತ್ತಿ. ಊಟದ ಹೊತ್ತಿಗೆ ಡಬ್ಬಿ ಮುಟ್ಟಿದರೆ ಇನ್ನೂ ತಣ್ಣಗಿರಬೇಕು. ಬಡಿಸಿ ಉಳಿದದ್ದನ್ನು ಮನೆಗೆ ತಂದು ರಾತ್ರಿಗೆ ಇಡಬೇಡಿ.

ಫ್ರಿಜ್ ಇಲ್ಲದ ಮನೆಗೆ ಮೊಸರವಲಕ್ಕಿ

ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಕುಡಿಕೆ ಮೊಸರನ್ನು ತಂಪಾಗಿಡುತ್ತದೆ. ಅದು ಒಳ್ಳೆಯದೇ, ಆದರೆ ಫ್ರಿಜ್‌ಗೆ ಸಮವಲ್ಲ. ಅಂಥ ಮನೆಯವರು ದೂರದ ಜಾತ್ರೆಗೆ ಅನ್ನ ಬೆರೆಸಿ ಒಯ್ಯುವ ಬದಲು ಗಟ್ಟಿ ಅವಲಕ್ಕಿಯನ್ನು ಒಣದಾಗಿಯೇ ಒಯ್ಯಿರಿ. ಮೊಸರು ಬೇರೆ ಕುಡಿಕೆಯಲ್ಲಿ, ಒಗ್ಗರಣೆ ಬೇರೆ ಡಬ್ಬಿಯಲ್ಲಿ. ಉಣ್ಣುವ ಜಾಗದಲ್ಲಿ ಕುಡಿಯುವ ನೀರಿನಿಂದ ಅವಲಕ್ಕಿ ತೊಳೆದು, ಹತ್ತು ನಿಮಿಷ ಬಿಟ್ಟು ಕಲಸಿ. ಒಣ ಅವಲಕ್ಕಿಯಲ್ಲಿ ಸೂಕ್ಷ್ಮಜೀವಿ ಬೆಳೆಯಲು ನೀರಿಲ್ಲ. ಚೆನ್ನಾಗಿ ಹೆಪ್ಪಾದ ಮೊಸರು ದಾರಿಯಲ್ಲಿ ಸ್ವಲ್ಪ ಹುಳಿಯಾಗಬಹುದು, ಅಷ್ಟೇ.

ಮಕ್ಕಳು ಕೇಳುವ ಪಾಸ್ತಾ ಸಲಾಡ್

ಹಾಸ್ಟೆಲಿನಿಂದ ರಜೆಗೆ ಬಂದ ಮಕ್ಕಳು ಈಗ ಪಾಸ್ತಾ ಕೇಳುತ್ತಾರೆ. ಅಮೆರಿಕದಲ್ಲಿ ಬೇಸಿಗೆಯಲ್ಲಿ ಮನೆಮಂದಿ ಹೊರಗೆ ಕೂಡಿ ಉಣ್ಣುವಾಗ ಬೇಯಿಸಿದ ಪಾಸ್ತಾಕ್ಕೆ ಮೊಟ್ಟೆ ಮತ್ತು ಎಣ್ಣೆಯಿಂದ ಮಾಡಿದ ಮೇಯನೇಸ್, ತರಕಾರಿ ಬೆರೆಸಿ ತಣ್ಣಗೆ ಬಡಿಸುತ್ತಾರೆ. ಅದು ಅವರ ಮೊಸರನ್ನ ಎಂದುಕೊಳ್ಳಿ. ನಮ್ಮ ಮನೆಯಲ್ಲಿ ಮೇಯನೇಸ್ ಬದಲು ಕಟ್ಟಿದ ಮೊಸರು ಸಾಕು.

ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ನಾಲ್ಕು ಗಂಟೆ ನೀರು ಬಸಿಯಲು ಬಿಡಿ. 250 ಗ್ರಾಂ ಪಾಸ್ತಾವನ್ನು ಉಪ್ಪು ನೀರಿನಲ್ಲಿ ಬೇಯಿಸಿ, ಬಸಿದು, ಕುಡಿಯುವ ತಣ್ಣೀರಿನಲ್ಲಿ ತೊಳೆದು, ಒಂದು ಚಮಚ ಎಣ್ಣೆ ಸವರಿ. ಕಟ್ಟಿದ ಮೊಸರಿಗೆ ಎರಡು ಚಮಚ ಕೆನೆ, ಉಪ್ಪು, ಮೆಣಸಿನ ಪುಡಿ, ಚಿಟಿಕೆ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕಡೆದು ಪಾಸ್ತಾಕ್ಕೆ ಬೆರೆಸಿ. ಹೆಚ್ಚಿದ ದಪ್ಪ ಮೆಣಸಿನಕಾಯಿ, ಕ್ಯಾರೆಟ್, ಬೇಯಿಸಿದ ಜೋಳದ ಕಾಳು ಸೇರಿಸಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಬಸಿದ ನೀರನ್ನು ಚೆಲ್ಲದೆ ಸಾರಿಗೋ ರೊಟ್ಟಿ ಹಿಟ್ಟಿಗೋ ಬಳಸಿ. ಒಯ್ಯುವ ನಿಯಮ ಮಾತ್ರ ಮೊಸರನ್ನದ್ದೇ. ಬೆಂದ ಪಾಸ್ತಾವೂ ಬೆಂದ ಅನ್ನದಂತೆಯೇ ಕೆಡುತ್ತದೆ.

ಹೆಪ್ಪುಗಟ್ಟದ ಮೊಸರು ಹೇಳುವ ಮಾತು

ಒಂದು ದಿನ ಮೊಸರು ಹೆಪ್ಪುಗಟ್ಟಲಿಲ್ಲ ಎಂದರೆ ನಾವು ಹೆಪ್ಪನ್ನು ದೂರುತ್ತೇವೆ, ಚಳಿಯನ್ನು ದೂರುತ್ತೇವೆ. ಬೇಸಿಗೆಯಲ್ಲಿ, ಒಳ್ಳೆಯ ಹೆಪ್ಪು ಹಾಕಿ ಎಂಟು ಗಂಟೆಯಾದರೂ ಹಾಲು ಹಾಲಾಗಿಯೇ ಇದ್ದರೆ, ಲೋಳೆಯಾಗಿ ಎಳೆ ಬಂದರೆ, ಕೊಟ್ಟಿಗೆಗೆ ಹೋಗಿ ಹಸುವನ್ನು ನೋಡಿ. ಔಷಧದ ಉಳಿಕೆಯಿರಬಹುದು, ಕಣ್ಣಿಗೆ ಕಾಣದ ಕೆಚ್ಚಲು ಬಾವಿರಬಹುದು, ಪಾತ್ರೆಯಲ್ಲಿ ಸೋಪಿನ ಅಂಶ ಉಳಿದಿರಬಹುದು. ಆ ಹಾಲನ್ನು ಬುತ್ತಿಗೆ ಬಳಸಬೇಡಿ.

ಕೊಟ್ಟಿಗೆಯಲ್ಲಿ ಇಷ್ಟು ನಡೆಯಲಿ:

• ಕರೆಯುವ ಮುನ್ನ ಪ್ರತಿ ಮೊಲೆಯ ಮೊದಲ ಮೂರ್ನಾಲ್ಕು ಗುಟುಕನ್ನು ಕಪ್ಪು ತಳದ ಬಟ್ಟಲಿಗೆ ಕರೆದು ನೋಡಿ. ಹರಳು, ನೀರು, ರಕ್ತ ಕಂಡರೆ ಅದು ಬಾವು.

• ಕಾಣದ ಬಾವಿಗೆ ತಿಂಗಳಿಗೊಮ್ಮೆ ಸಿಎಂಟಿ ಪರೀಕ್ಷೆ ಮಾಡಿಸಿ. ಹಾಲಿಗೆ ದ್ರಾವಣ ಬೆರೆಸಿ ಅಲ್ಲಾಡಿಸಿದಾಗ ಲೋಳೆಯಾದರೆ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಿ.

• ಬಾವು ಬಂದ ಹಸುವನ್ನು ಕೊನೆಗೆ ಕರೆಯಿರಿ, ಬೇರೆ ಪಾತ್ರೆ ಬಳಸಿ, ಕರೆದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ. ಕೈಗೆ ಗಾಯವಾಗಿದ್ದರೆ ಹಾಲು ಕರೆಯುವ, ಬುತ್ತಿ ಕಲಸುವ ಕೆಲಸ ಬೇರೆಯವರಿಗಿರಲಿ.

• ಕರೆದ ನಂತರ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಕೂಡಲೇ ಮೇವು ಹಾಕಿ. ಮೊಲೆಯ ತೂತು ಮುಚ್ಚಿಕೊಳ್ಳುವವರೆಗೆ, ಅಂದರೆ ಅರ್ಧ ಗಂಟೆಯಾದರೂ, ಹಸು ನಿಂತೇ ಇರಲಿ.

• ಒಂದೇ ಮೊಲೆಗೆ ಟ್ಯೂಬ್ ಏರಿಸಿದ್ದರೂ ನಾಲ್ಕೂ ಮೊಲೆಯ ಹಾಲನ್ನು ಬಿಡಬೇಕು. ಔಷಧ ರಕ್ತದ ಮೂಲಕ ಉಳಿದ ಮೊಲೆಗಳಿಗೂ ಹೋಗಬಲ್ಲದು.

• ಎಷ್ಟು ದಿನ ಬಿಡಬೇಕು ಎಂಬುದು ಔಷಧದ ಲೇಬಲ್‌ನಲ್ಲಿರುತ್ತದೆ. ಎಣಿಕೆ ಶುರುವಾಗುವುದು ಕೊನೆಯ ಡೋಸಿನಿಂದ. ಲೇಬಲ್‌ನಲ್ಲಿ ನಿಗದಿಯಾದ ಅವಧಿ ಇಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂದು ನಮ್ಮ ದೇಶದ ಔಷಧ ನಿಯಮವೇ ಹೇಳುತ್ತದೆ.

• ಬಿಟ್ಟ ಹಾಲನ್ನು ಕರುವಿಗೂ ಕುಡಿಸಬೇಡಿ, ನಾಯಿಗೂ ಹಾಕಬೇಡಿ. ಗುಂಡಿಗೆ ಸುರಿದು ಮಣ್ಣು ಮುಚ್ಚಿ.

ಚೆಲ್ಲುವ ಕೈಯ ಸಂಕಟ

ಇದನ್ನು ಹೇಳುವುದು ಸುಲಭ ಎಂದು ನನಗೆ ಗೊತ್ತು. ದಿನಕ್ಕೆ 10 ಲೀಟರ್ ಕೊಡುವ ಹಸುವಿಗೆ 3 ದಿನ ಚಿಕಿತ್ಸೆ, ಆಮೇಲೆ 4 ದಿನ ಕಾಯುವುದು ಎಂದರೆ 70 ಲೀಟರ್ ಹಾಲು. ವಾರದ ಬಟವಾಡೆಯಲ್ಲಿ ಅಷ್ಟೂ ಕೈತಪ್ಪುತ್ತದೆ. ಮುಂಜಾನೆ ನಾಲ್ಕೂವರೆಗೆ ಎದ್ದು, ಹುಲ್ಲು ಹೊತ್ತು, ಸಗಣಿ ಬಾಚಿ ಕರೆದ ಹಾಲನ್ನು ಗುಂಡಿಗೆ ಸುರಿಯುವಾಗ ಕೈ ನಡುಗದವರು ಯಾರು? ಆ ಹಾಲು ಡೇರಿಗಲ್ಲದಿದ್ದರೆ ಮಕ್ಕಳ ಹೊಟ್ಟೆಗಾದರೂ ಹೋಗಲಿ ಎನಿಸುವುದು ತಾಯಿಯ ಮನಸ್ಸು. ಆ ಮನಸ್ಸೇ ಅಂದು ಆ ಡಬ್ಬಿ ಕಟ್ಟಿತ್ತು.

ಸಂಘದಲ್ಲಿ ಹಾಲು ಬೇಡ ಎನ್ನುವುದು ಪಟ್ಟಣದ ಯಾವುದೋ ಮನೆಯ ಮಗುವಿನ ಸಲುವಾಗಿ ಎಂದುಕೊಳ್ಳುತ್ತೇವೆ. ಆ ಮಗುವಿಗೆ ಆಗದ್ದು ನಮ್ಮ ಮಗುವಿಗೂ ಆಗದು.

ಒಂದು ಮಾತು. ಇಷ್ಟೆಲ್ಲ ಎಚ್ಚರದ ನಡುವೆಯೂ ಯಾರಿಗಾದರೂ ವಾಂತಿ ಶುರುವಾದರೆ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ. ಪುಟ್ಟ ಮಕ್ಕಳು, ಬಸುರಿಯರು, ವಯಸ್ಸಾದವರ ವಿಷಯದಲ್ಲಿ ಬೆಳಗಾಗಲಿ ಎಂದು ಕಾಯಬೇಡಿ. ಉಳಿದ ಊಟವನ್ನು ಚೆಲ್ಲದೆ ಡಬ್ಬಿ ಸಮೇತ ವೈದ್ಯರಿಗೆ ತೋರಿಸಿ.

ಅಂದಿನಿಂದ ನನ್ನ ಚಿಕಿತ್ಸಾ ಚೀಟಿಯಲ್ಲಿ ಔಷಧದ ಹೆಸರಿನ ಕೆಳಗೆ ಒಂದು ಸಾಲು ದಪ್ಪಕ್ಷರದಲ್ಲಿ ಬರೆಯುತ್ತೇನೆ: "ಇಂಥ ತಾರೀಖಿನವರೆಗೆ ಡೇರಿಗೂ ಇಲ್ಲ, ಮನೆಗೂ ಇಲ್ಲ." ಬರೆದು, ಓದಿ ಹೇಳಿಯೇ ಬರುತ್ತೇನೆ. ನಿಮ್ಮ ಮನೆಗೆ ಬರುವ ವೈದ್ಯರು ಮರೆತರೆ ನೀವೇ ಕೇಳಿ: "ಹಾಲು ಎಷ್ಟು ದಿನ ಬಿಡಬೇಕು?" ಕೇಳಲು ಸಂಕೋಚ ಬೇಡ. ಹೇಳಬೇಕಾದದ್ದು ನಮ್ಮ ಕೆಲಸ.

ಆ ಮನೆಯ ಕೊಟ್ಟಿಗೆಗೆ ಹೋದ ತಿಂಗಳು ಗರ್ಭಪರೀಕ್ಷೆಗೆಂದು ಹೋಗಿದ್ದೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ತಾರೀಖು ಬರೆದು ಸುತ್ತ ಗೆರೆ ಎಳೆದಿತ್ತು. ಪಕ್ಕದ ಹಸುವಿನ ಕೊರಳಿಗೆ ಕೆಂಪು ಬಟ್ಟೆಯ ಚೂರು. "ಆ ದಿನದವರೆಗೂ ಇದರ ಹಾಲು ಯಾರೂ ಮುಟ್ಟಂಗಿಲ್ಲ ಮೇಡಂ, ಮೊಮ್ಮಗಳಿಗೂ ಗೊತ್ತು" ಎಂದರು. ಈಗ ಏಳು ವರ್ಷವಾಗಿರುವ ಆ ಮೊಮ್ಮಗಳು ಹೌದೆಂದು ತಲೆಯಾಡಿಸಿದಳು. ಹೊರಡುವಾಗ ಆಕೆ ಒಂದು ಬಟ್ಟಲು ಮೊಸರವಲಕ್ಕಿ ಕೊಟ್ಟರು. ಇನ್ನೊಂದು ಹಸುವಿನ ಹಾಲಿನದು, ಗಟ್ಟಿ ಮೊಸರು. ಅಲ್ಲೇ ಜಗಲಿಯ ಮೇಲೆ ಕುಳಿತು ಉಂಡು ಬಂದೆ.